ಮೇಷ್ಟ್ರ ಪಿಯಾನೋ, ನಲ್ಲಿಯ ನೀರು

ಶಿರಾದಲ್ಲಿ ಗಂಗಲಕ್ಷ್ಮಿಗೆ ನೀರಿನ ಬಗ್ಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ. (ಹಾಗೆಂದು ಅವಳೇ ಹೇಳುತ್ತಿದ್ದಳು.) ನೀರು ಬರುವ ದಿನ ನಲ್ಲಿ ತಿರುಗಿಸಿ, ಕೆಳಗೆ ಖಾಲಿ ಬಿಂದಿಗೆ ಇಟ್ಟು ಒಳಗೆ ಹೋದರೆ ಮುಂದಿನದೆಲ್ಲ ಕಿವಿಯ ಕೆಲಸ. ಬಿಂದಿಗೆಯ ತಳಕ್ಕೆ ನೀರು ಬಿದ್ದ ಸದ್ದಾದರೆ ಸಾಕು, ಒಗ್ಗರಣೆಯನ್ನೂ ಬಿಟ್ಟು ಓಡಿ ಡ್ರಮ್ಮಿಗೆ ಪೈಪು ಸಿಕ್ಕಿಸುತ್ತಿದ್ದಳು.

ಅಂಥವಳ ಮನೆಯಲ್ಲಿ ಅವಳ ಗಂಡ, ಡ್ರಾಯಿಂಗ್ ಮೇಷ್ಟ್ರು ಪ್ರಸನ್ನಕುಮಾರ್, ಹಳೆಯ ಎಲೆಕ್ಟ್ರಿಕ್ ಪಿಯಾನೋ ತಂದಿಟ್ಟುಕೊಂಡು ನೀರು ನುಡಿಸಲು ಹೊರಟರು!

“ಯಾವನೋ ಪರದೇಶದೋನು ನೀರು ನೋಡ್ಕಂಡು ಕಟ್ಟಿದ್ದು ಕಣೆ. ಹಾಡಿಲ್ಲ, ತಬಲಾ ಇಲ್ಲ, ಒಂದೇ ಪಿಯಾನೋ. ನೀರು ಅಲುಗೋದು, ಬಿಸ್ಲಿಗೆ ಮಿನುಗೋದು, ಎಲ್ಲಾ ಕಿವೀಗೆ ಕಾಣ್ಬೇಕು.”

“ಇದು ನೀರಾ? ಸ್ಟೀಲ್ ಲೋಟ ಮೆಟ್ಲಿಂದ ಉರುಳಿದಂಗೈತೆ!”

“ಏನ್ ತಪ್ಪೈತೆ ಹೇಳು, ತಿದ್ಕತೀನಿ.” (ಸಾರು ಉಪ್ಪಾದ ದಿನ ಗಂಗಲಕ್ಷ್ಮಿ ಈ ಮಾತು ಆಡಿದವಳಲ್ಲ.)

“ಮೊದ್ಲು ಗಾಳಿ ಬುಸ್ ಅನ್ಬೇಕು. ಆಮೇಲೆ ಉಗುಳ್ಬೇಕು. ಆಮೇಲೆ ತೆಳ್ಳಗೆ ಬೀಳ್ಬೇಕು. ಬಿಂದಿಗೆ ತುಂಬ್ತಾ ತುಂಬ್ತಾ ಸದ್ದು ಮೇಲಕ್ಕೇರ್ಬೇಕು. ಗೊತ್ತಾಯ್ತಾ?”

ಮೇಷ್ಟ್ರು ಎರಡು ಹೊತ್ತೂ ಬುಸ್ ಎನ್ನಿಸಲು ಹೆಣಗಿದರು. ಬುಧವಾರ ಆ ಉಗುಳಿಗೆ ಮೋಸಹೋಗಿ ಗಂಗಲಕ್ಷ್ಮಿ ಪೈಪು ಹಿಡಿದು ಓಡಿದರೆ, ಬಿಂದಿಗೆ ಒಣಗಿ ಕೂತಿತ್ತು. ಪಕ್ಕದ ಮನೆ ದಾಸಮ್ಮ ಕಿಸಕ್ಕನೆ ನಕ್ಕಳು. ಗಂಡ ಕೇಳಿದ್ದಕ್ಕೆ, “ಬಟ್ಟೆ ಒಣಗ್ತಾ ಅಂತ ನೋಡಾಕೋಗಿದ್ದೆ” ಎಂದಳು. ಇನ್ನೊಮ್ಮೆ ಮೋಸಹೋಗುವುದಿಲ್ಲವೆಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದಳು.

ಶುಕ್ರವಾರ ಡ್ರಮ್ಮಿನ ತಳ ಕಾಣುತ್ತಿತ್ತು. ಮರುದಿನವೇ ಮನೆಯಲ್ಲಿ ಹರಿಸೇವೆಯ ಪೂಜೆ, ಊಟ; ಕಳ್ಳಂಬೆಳ್ಳದಿಂದ ಅವಳ ತವರಿನವರೆಲ್ಲ ಬರುವವರು. ನಲ್ಲಿ ತಿರುಗಿಸಿಟ್ಟು, ಪಿಯಾನೋ ಮುಂದೆ ಕೂತಿದ್ದ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ದೇವರ ಕೋಣೆ ಸೇರಿ ಸಹಸ್ರನಾಮ ಹಿಡಿದಳು.

ಸ್ವಲ್ಪ ಹೊತ್ತಿಗೆ ಹೊರಗೆ ಬುಸ್ ಎಂದಿತು. ಉಗುಳಿತು. ತೆಳ್ಳಗೆ ಬೀಳತೊಡಗಿತು.

“ಸಾಕು ನಿಲ್ಸ್ರೀ! ಶೀತ ಆದೋನ ಮೂಗು ಸುರ್ದಂಗೈತೆ!” (ಸಹಸ್ರನಾಮದ ನಡುವೆ ಏಳಬಾರದು; ಬಯ್ಯಬಾರದೆಂದು ಯಾರೂ ಹೇಳಿಲ್ಲ.)

ಸದ್ದು ಮೇಲಕ್ಕೇರಿತು.

“ಬಿಂದಿಗೆ ತುಂಬ್ತಾ ಐತಂತೆ! ಜನ್ಮದಾಗೆ ಒಂದ್ ಬಿಂದಿಗೆ ಹೊತ್ತಿದ್ರಲ್ವಾ ಗೊತ್ತಾಗೋದು! ನೀರಿಗೂ ಒಂದು ಮರ್ಯಾದೆ ಐತೆ ಕಣ್ರೀ!”

ಆಮೇಲೆ ಅದು ಸುರಿದದ್ದೇ ಸುರಿದದ್ದು. ಕೊನೆಗೊಮ್ಮೆ ಬಿಕ್ಕಿ ನಿಂತಿತು. ತನ್ನ ಬಯ್ಗುಳ ನಾಟಿತೆಂಬ ತೃಪ್ತಿಯಲ್ಲಿ ಮಂಗಳಾರತಿ ಮುಗಿಸಿ ಗಂಗಲಕ್ಷ್ಮಿ ಹೊರಬಂದಳು. ಪಿಯಾನೋ ಮುಂದೆ ಯಾರೂ ಇರಲಿಲ್ಲ. ಮೇಷ್ಟ್ರು ಬಾಳೆಎಲೆಯ ಕಟ್ಟು ಹೊತ್ತು ಬೀದಿಯಿಂದ ಒಳಗೆ ಬರುತ್ತಿದ್ದರು.

“ಯಾರ್‍ನೇ ಬಯ್ತಿದ್ದೆ? ತಿರುವಿನಗಂಟ ಕೇಳುಸ್ತಿತ್ತು!”

ಅಂಗಳದಲ್ಲಿ ಬಿಂದಿಗೆ ಗಂಟಲಮಟ ತುಂಬಿ ನಿಂತಿತ್ತು. ಮಿಕ್ಕದ್ದೆಲ್ಲ ಚರಂಡಿಯ ಪಾಲಾಗಿತ್ತು. ಡ್ರಮ್ಮು ಹಾಗೇ ಬಾಯಿ ತೆರೆದುಕೊಂಡಿತ್ತು.

ಕಾಂಪೌಂಡಿನಾಚೆಯಿಂದ ದಾಸಮ್ಮನ ತಲೆ ಮೇಲೆದ್ದಿತು. “ನಮ್ದೆಲ್ಲ ತುಂಬ್ತು ಕಣಮ್ಮ. ಅಲ್ಲಾ, ಬಂದ್ ನೀರ್‍ನ ಯಾಕಮ್ಮ ಅಂಗೆ ಬಯ್ದು ಕಳಿಸ್ಬುಟ್ಟೆ?”

ಮೇಷ್ಟ್ರಿಗೆ ವಿಷಯ ಇಳಿಯಲು ಒಂದು ಗಳಿಗೆ ಹಿಡಿಯಿತು. ಇಳಿದ ಮೇಲೆ ಮುಖ ಊರಗಲವಾಯಿತು.

“ನಿಜ್ವಾದ್ ನೀರ್‍ನ ನಾನು ನುಡಿಸ್ತಿರೋದು ಅನ್ಕಂಡ್ಯಾ? ಗಂಗಾ, ಇಂಥ ಮೆಚ್ಚುಗೆ ನಂಗೆ ಯಾರೂ ಕೊಟ್ಟಿರ್‍ಲಿಲ್ಲ ಕಣೆ!”

ಗಂಗಲಕ್ಷ್ಮಿ ಎರಡು ಕೊಡ ಎತ್ತಿಕೊಂಡು ದಾಸಮ್ಮನ ಮನೆಯ ಕಡೆ ಹೆಜ್ಜೆ ಹಾಕಿದಳು. ಹಿಂದೆ ಪಿಯಾನೋ ಬುಸ್ ಎಂದಿತು, ಉಗುಳಿತು, ತಟ್ಟನೆ ನಿಂತಿತು.

“ಯಾಕೆ ಬಯ್ತಿಲ್ಲ?” ಮೇಷ್ಟ್ರು ಗಾಬರಿಯಿಂದ ಕೂಗಿದರು. “ನೀರಂಗೆ ಬರ್ತಿಲ್ವೇನೆ?”