ಫ್ರೆಡ್ಡಿ ಸಾಹೇಬರ ಬೆಳ್ಳಿ ಬೆರಳು

ಹಳೆಯ ಬೆಳ್ಳಿಯ ವಿಷಯದಲ್ಲಿ ಮಸ್ಕತ್ತಿನಲ್ಲಿ ತಮಗಿಂತ ದೊಡ್ಡ ಪಂಡಿತರಿಲ್ಲ ಎಂದು ಮ್ಯಾನೇಜರ್ ಫ್ರೆಡ್ಡಿ ಸಾಹೇಬರು ತಾವೇ ಸಾರಿಕೊಂಡಿದ್ದರು. ಕಂಪೆನಿಯಲ್ಲಿ ಯಾರೂ ಎದುರು ಮಾತಾಡಿದ್ದಿಲ್ಲ. ಎಲ್ಲರ ವೀಸಾ ಕಾಗದಕ್ಕೂ ಸಹಿ ಹಾಕುವವರು ಅವರೇ ತಾನೆ! ೧೯೯೧ರ ಒಂದು ಗುರುವಾರ, ಅಲ್ಲಿನ ವಾರದ ರಜೆಯ ದಿನವೇ, ಅವರ ಗುಮಾಸ್ತ ಕೊಗ್ಗನಿಗೆ ಆ ಪಾಂಡಿತ್ಯದ ತುಂಡೊಂದು ಗಂಟುಬಿತ್ತು.

ಅದು ಗೇಣುದ್ದದ ಬೆಳ್ಳಿ ಕಡ್ಡಿ. ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈ. ಪವಿತ್ರ ಗ್ರಂಥವನ್ನು ಕೈಯಿಂದ ಮುಟ್ಟಬಾರದೆಂದು ಯಹೂದಿಗಳು ಇದರಿಂದ ಸಾಲು ತೋರಿಸಿಕೊಂಡು ಓದುತ್ತಾರಂತೆ. ನೂರು ವರ್ಷದ ಹಿಂದೆ ಯೆಮನಿನ ಯಹೂದಿ ಅಕ್ಕಸಾಲಿ ಮಾಡಿದ್ದು. ಕೂದಲೆಳೆಯಂಥ ತಂತಿಯ ಹೆಣಿಗೆ, ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡುಗಳು, ಸಂದುಗೊಂದುಗಳಲ್ಲಿ ನೂರು ವರ್ಷದ ಕಪ್ಪು.

“ಕೊಂಡಿ ಬಿಟ್ಟಿದೆ. ಮತ್ರಾ ಪೇಟೆಯ ಅಕ್ಕಸಾಲಿಯ ಹತ್ತಿರ ಬೆಸುಗೆ ಹಾಕಿಸಿ ಸಂಜೆ ತಾ. ಕಪ್ಪು ಮುಟ್ಟಬೇಡ, ಬೆಲೆ ಇರುವುದೇ ಅದಕ್ಕೆ. ಶನಿವಾರ ನಿನ್ನ ಹೆಂಡತಿಯ ವೀಸಾ ಕಾಗದಕ್ಕೆ ಸಹಿ ಹಾಕುವ,” ಎಂದರು ಸಾಹೇಬರು.

ವಸಂತಿಯ ವೀಸಾ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಬೆಸುಗೆಯಾದ ಕೂಡಲೇ ಕೊಗ್ಗ ಕಡ್ಡಿಯನ್ನು ಮರಳಿಸಬೇಕಿತ್ತು. ಆದರೆ ಹೆಂಡತಿಯೆದುರು ಜಂಬ ಕೊಚ್ಚುವ ಚಪಲ. ಅಲ್ ಹೈಲಿನ ಮನೆಗೆ ತಂದ. ಉಂಡ ಮೇಲೆ ವಿವರಿಸಿದರಾಯಿತೆಂದು ಮೇಜಿನ ಮೇಲಿಟ್ಟವನು ಉಂಡು ಗೊರಕೆ ಹೊಡೆದ.

ಅಷ್ಟರಲ್ಲಿ ಪಕ್ಕದ ಮನೆಯ ಲೋಲಾಕ್ಷಿ ಬಂದಳು. ಇವರ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ವಸಂತಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

“ಹರಕೆಯ ಕೈಯಲ್ವಾ ಇದು? ನಿನ್ನ ಮೊಣಕೈ ನೋವಿಗೆ ಊರ ದೇವರಿಗೆ ಬೆಳ್ಳಿ ಕೈ ಹೇಳಿಕೊಂಡಿದ್ದಿಯಲ್ಲ ವಸಂತಿ! ದೇವರಿಗೆ ಒಪ್ಪಿಸುವ ಬೆಳ್ಳಿಯನ್ನು ಹೀಗೆ ಕರಿ ಹಿಡಿಸಿ ಇಡುವುದಾ?”

ಗಂಡ ಹರಕೆಯನ್ನು ನೆನಪಿಟ್ಟನಲ್ಲಾ ಎಂದು ವಸಂತಿಯ ಕಣ್ಣು ತುಂಬಿತು. ಹುಣಸೆಹುಳಿ ಹಚ್ಚಿ ಗಸಗಸ ತಿಕ್ಕಿದಳು.

ಕೊಗ್ಗ ಎದ್ದಾಗ ಬೆರಳು ಥಳಥಳ ಹೊಳೆಯುತ್ತಿತ್ತು.

“ಅಯ್ಯೋ ಮಾರಾಯ್ತಿ, ನಿನ್ನ ವೀಸಾವನ್ನೇ ತೊಳೆದುಬಿಟ್ಟೆಯಲ್ಲ!”

ಬೊಬ್ಬೆ ಕೇಳಿ ಕೆಳಗಿನ ಅಂಗಡಿಯ ಇಸುಬು ಓಡಿ ಬಂದ. “ಹೆದರಬೇಡಿ ಕೊಗ್ಗಣ್ಣ. ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಅದರೊಟ್ಟಿಗೆ ಡಬ್ಬಿಯಲ್ಲಿ ಮುಚ್ಚಿಡಿ. ಬೆಳ್ಳಿ ಕಪ್ಪಾಗದಿದ್ದರೆ ನನ್ನನ್ನು ಕೇಳಿ.” ಪರೋಪಕಾರಿ ಇಸುಬು ಒಂದು ಡಜನ್ ಮೊಟ್ಟೆಯನ್ನೂ ಮಾರಿಯೇ ಹೋದ.

ಮೂರು ಗಂಟೆಯೊಳಗೆ ಬೆರಳು ಕಪ್ಪಾಯಿತು. ಕೊಗ್ಗ ಬನಿಯನ್ನಿನ ಚುಂಗಿನಿಂದ ಮೇಲ್ಮೇಲೆ ಒರೆಸಿ, ಸಂದಿನ ಕಪ್ಪನ್ನು ಹಾಗೇ ಉಳಿಸಿದ. ಬೆಳಗ್ಗೆ ಇದ್ದ ಹಾಗೇ ಆಯಿತು. ಟ್ಯಾಕ್ಸಿ ಹಿಡಿದು ಮದೀನತ್ ಸುಲ್ತಾನ್ ಖಾಬೂಸಿನಲ್ಲಿದ್ದ ಸಾಹೇಬರ ಮನೆಗೆ ಓಡಿದ.

ಸಾಹೇಬರು ಭೂತಗನ್ನಡಿ ಹಿಡಿದು ನೋಡಿದರು. ಮೂಸಿದರು. ಮುಖ ಕೆಂಪಾಯಿತು.

“ಮೊಟ್ಟೆ! ಅಕ್ಕಸಾಲಿ ಅಸಲಿ ಇಟ್ಟುಕೊಂಡು ನಿನಗೆ ನಕಲಿ ಕೊಟ್ಟಿದ್ದಾನೆ. ಮೊಟ್ಟೆಯಲ್ಲಿಟ್ಟು ಹಳೆಯದು ಮಾಡಿದ ಮಾಲು ಇದು!”

“ಅಲ್ಲ ಸರ್, ಅದೇ ಇದು! ಹೆಂಡತಿ ಹುಣಸೆಹುಳಿಯಲ್ಲಿ ತಿಕ್ಕಿದಳು, ಮೊಟ್ಟೆ ನಾನೇ...”

“ಕತೆ ಕಟ್ಟಬೇಡ! ಇಪ್ಪತ್ತು ವರ್ಷದಿಂದ ಬೆಳ್ಳಿ ನೋಡ್ತಿದ್ದೇನೆ ನಾನು. ಕೈಕೆಲಸ ಎಷ್ಟು ಒರಟು ನೋಡು! ಅಸಲಿಯೆದುರು ಇದು ತಗಡು.”

ಅದೇ ಕೈಕೆಲಸವನ್ನು ಹಿಂದಿನ ವಾರ ಅತಿಥಿಗಳೆದುರು ಒಂದು ಗಂಟೆ ಹೊಗಳಿದ ಬಾಯಿ ಅದು.

“ಅಸಲಿ ತಂದ ದಿನ ಸಹಿ. ಈ ತಗಡನ್ನು ನೀನೇ ಇಟ್ಟುಕೋ, ಬೆನ್ನು ತುರಿಸಲಿಕ್ಕೆ ಆಗ್ತದೆ. ಖಲಾಸ್!”

ಮನೆಗೆ ಬಂದು ಕೊಗ್ಗ ಬೆರಳನ್ನು ಮೇಜಿನ ಮೇಲೆ ಕುಕ್ಕಿದ. ಅದು ನೇರ ಅವನನ್ನೇ ತೋರಿಸುತ್ತ ಬಿದ್ದುಕೊಂಡಿತು. ನಡೆದದ್ದನ್ನು ಕೇಳಿ ವಸಂತಿ ಅಳತೊಡಗಿದಳು.

ಆಗಲೇ ಒಳಗೆ ಬಂದು ಕುಳಿತಿದ್ದ ಲೋಲಾಕ್ಷಿ ಮಾತ್ರ ಅರಳಿದಳು. “ಅಳುವುದೆಂತಕ್ಕೆ? ಹರಕೆಗೆ ಕೈ ಸಿಕ್ಕಿತು. ವೀಸಾ ಇಲ್ಲದಿದ್ದರೆ ಊರಿಗೆ ಹೋಗಿ ನೀನೇ ಒಪ್ಪಿಸಬಹುದು. ಆದರೆ ಇದು ಪುನಃ ಕರಿ ಹಿಡಿದಿದೆಯಲ್ಲ! ಹುಣಸೆಹುಳಿ ಉಂಟಾ?”