ಮಾವ ಕೊಡಿಸದ ಕೆಲಸ

ಪ್ರಾಮಾಣಿಕನಾಗಿರುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಅದಕ್ಕೆ ಕಾರಣ ನನ್ನ ಗುಣವಲ್ಲ, ನನ್ನ ಹುದ್ದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮಸಾಲೆಪುಡಿ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗದ ಮ್ಯಾನೇಜರು. ರಜೆ ಮಂಜೂರು ಮಾಡುವುದು, ಸಮವಸ್ತ್ರ ಹಂಚುವುದು, ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆ ದೂರು ಕೇಳುವುದು. ಇಂಥವನಿಗೆ ಯಾರು ತಾನೇ ಆಮಿಷ ಒಡ್ಡುತ್ತಾರೆ? ಕೆಡಿಸುವವರೇ ಬರದಿದ್ದರೆ ಕೆಡದೆ ಉಳಿಯುವುದು ಸುಲಭ. ಸಂಜೆ ತಿ. ನರಸೀಪುರದ ಬಸ್ಸು ಹತ್ತಿದರೆ ನನ್ನ ಅಂಗಿಯ ಮೆಣಸಿನ ಘಾಟಿಗೆ ಅಕ್ಕಪಕ್ಕದವರು ಸೀನಿ ಸೀನಿ ದೂರ ಸರಿದು ಕೂರುತ್ತಾರೆ. ಎರಡು ಜನರ ಸೀಟಿನಲ್ಲಿ ಒಬ್ಬನೇ ಕೂತು ಊರು ತಲುಪುವುದೇ ಈ ನೌಕರಿಯಿಂದ ನನಗೆ ಸಿಕ್ಕ ಮೇಲುಸಂಪಾದನೆ.

ಹೀಗಿರುವಾಗ ಮುಂಬಯಿಯ ನಮ್ಮ ಮುಖ್ಯ ಕಚೇರಿಗೆ ಎಥಿಕ್ಸ್ ಮೇಲೆ ಪ್ರೀತಿ ಹುಟ್ಟಿತು. ತರಬೇತಿ ಕೊಡಲು ಒಬ್ಬ ಹೆಣ್ಣುಮಗಳು ವಿಮಾನದಲ್ಲಿ ಬಂದಳು. ಕೆಲಸದಲ್ಲಿ ಸ್ವಂತ ಹಿತ ಅಡ್ಡ ಬರಬಾರದು, ನೆಂಟರಿಷ್ಟರ ವಿಷಯ ಬಂದರೆ ಮೊದಲೇ ತಿಳಿಸಿ ಪಕ್ಕಕ್ಕೆ ಸರಿಯಬೇಕು ಎಂದು ಚೆನ್ನಾಗಿಯೇ ವಿವರಿಸಿದಳು. ಕೊನೆಗೆ, "ಈ ಕಾರ್ಖಾನೆಯಲ್ಲಿ ಸಂಬಂಧಿಕರು ಇರುವವರು ಕೈ ಎತ್ತಿ" ಎಂದಳು. ಪ್ಯಾಕಿಂಗ್ ವಿಭಾಗ ಅನಾಮತ್ತಾಗಿ ಕೈ ಎತ್ತಿತು. ಪಾಪ, ಆಕೆ ಗಾಬರಿಯಾದಳು. ಅಷ್ಟರಲ್ಲಿ ಸಾಕಮ್ಮ ಎಂಬಾಕೆ ಎದ್ದು ನಿಂತು, ಪಕ್ಕದವಳನ್ನು ತೋರಿಸಿ ನನ್ನನ್ನು ಕೇಳಿದಳು: "ಸಾ, ಇವ್ಳು ನಂಗೆ ಅತ್ತಿಗೆನೂ ಆಗ್ಬೇಕು, ನಾದಿನೀನೂ ಆಗ್ಬೇಕು. ಕೊಟ್ಟು ತಂದಿರೋ ಸಂಬಂಧ. ಯಾವ್ದು ಅಂತ ಏಳ್ಲಿ?" ಇದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ನಾನು ಬೆವೆತೆ. ಎರಡೂ ನೆಂಟಸ್ತಿಕೆಗೆ ಇಂಗ್ಲಿಷಿನಲ್ಲಿ ಒಂದೇ ಪದ. ಆ ಭಾಷೆಯವರಿಗೆ ನೀತಿ ಸುಲಭವಾಗಿರುವುದು ಬಹುಶಃ ಅದಕ್ಕೇ.

ತರಬೇತಿ ಮುಗಿಯುವ ಹೊತ್ತಿಗೆ ಈ ಕಾರ್ಖಾನೆಯ ಎಥಿಕ್ಸ್ ಉಸ್ತುವಾರಿ ಯಾರಿಗೆ ಎಂಬ ಪ್ರಶ್ನೆ ಬಂತು. ಎಲ್ಲರೂ ಏಕಕಾಲಕ್ಕೆ ನೆಲ ನೋಡಿದರು. ನಾನು ಆ ಹೊತ್ತಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದುದರಿಂದ ತಲೆ ತಗ್ಗಿಸುವುದು ತಡವಾಯಿತು. ಉಸ್ತುವಾರಿ ನನ್ನ ಕೊರಳಿಗೆ ಬಿತ್ತು.

ಆ ಮಳೆಗಾಲದಲ್ಲೇ ನಮ್ಮ ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿಯಾಯಿತು. ಪುಡಿಗಳ ಮಾದರಿ ತೆಗೆದು ತೇವ, ಕಲಬೆರಕೆ, ಬೂಷ್ಟು ನೋಡುವ ಕೆಲಸ. ಬಂದ ಅರ್ಜಿಗಳಲ್ಲಿ ಬನ್ನೂರಿನ ಸೌಮ್ಯಳ ಅರ್ಜಿಯೂ ಇತ್ತು. ಸೌಮ್ಯ ನನ್ನ ಬಾಮೈದ ಪುಟ್ಟಸ್ವಾಮಿಯ ಮಗಳು. ಬಿ.ಎಸ್ಸಿ. ಮಾಡಿದ್ದಾಳೆ, ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬಂದರೆ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ಅಂಗೈಗೆ ಬಿಟ್ಟುಕೊಂಡು ನೋಡುತ್ತಿದ್ದವಳು. ಅರ್ಜಿ ಹಾಕಿದ್ದನ್ನು ಅವಳು ನನಗೆ ಹೇಳಿರಲಿಲ್ಲ. ಆದರೆ ಪುಟ್ಟಸ್ವಾಮಿಯ ಫೋನು ಬಂತು.

"ಬಾವ, ನಮ್ ಮಗಿ ನಿಮ್ ಕಂಪ್ನಿಗೇ ಅರ್ಜಿ ಆಕವ್ಳೆ. ಒಂದ್ ಮಾತ್ ಏಳ್ಬುಡಿ."

"ಹಾಗೆಲ್ಲ ಹೇಳೋ ಹಾಗಿಲ್ಲ ಪುಟ್ಟಸ್ವಾಮಿ. ನಾನು ಎಥಿಕ್ಸ್ ನೋಡ್ಕೊಳ್ಳೋನು."

"ಅದ್ಯಾವ ಸೆಕ್ಸನ್ನೋ ನಂಗೊತ್ತಿಲ್ಲ. ಅಲ್ಲಿಂದ್ಲೇ ಒಂದ್ ಮಾತ್ ಏಳಿ ಸಾಕು."

ನಾನು ಫೋನು ಇಟ್ಟೆ. ಮಾರನೆಯ ಬೆಳಿಗ್ಗೆಯೇ ನಮ್ಮ ಕಾರ್ಖಾನೆಯ ಮುಖ್ಯಸ್ಥರಾದ ಕುಲಕರ್ಣಿಯವರ ಕೋಣೆಗೆ ಹೋಗಿ, ಅಭ್ಯರ್ಥಿಗಳಲ್ಲಿ ನನ್ನ ಹೆಂಡತಿಯ ತಮ್ಮನ ಮಗಳಿದ್ದಾಳೆ, ಈ ಸಂದರ್ಶನಕ್ಕೆ ನಾನು ಕೂರುವುದಿಲ್ಲ ಎಂದೆ. ಧಾರವಾಡದ ಕಡೆಯ ಕುಲಕರ್ಣಿಯವರು ಎದ್ದು ನಿಂತು ನನ್ನ ಕೈ ಕುಲುಕಿದರು. ಅಷ್ಟು ವರ್ಷದ ನೌಕರಿಯಲ್ಲಿ ಅವರು ನನ್ನ ಕೈ ಕುಲುಕಿದ್ದು ಅದೇ ಮೊದಲು. ನಾನು ಏನೋ ದೊಡ್ಡ ಮನುಷ್ಯನಾದೆ ಅನ್ನಿಸಿತು.

ಮನೆಯಲ್ಲಿ ಅಷ್ಟು ಅನ್ನಿಸಲಿಲ್ಲ. ನನ್ನ ಹೆಂಡತಿ ಭಾಗ್ಯ ಸಂಗತಿ ಕೇಳಿ ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. "ಊರೋರ ಮಕ್ಳಿಗೆಲ್ಲ ನೀವೇ ನೇಮಕ ಪತ್ರ ಕೊಡ್ತೀರಿ. ನಮ್ಮೋರು ಬಂದಾಗ ಮಾತ್ರ ಕುರ್ಚಿ ಬಿಟ್ಟು ಎದ್ದು ಹೋಗ್ತೀರಿ" ಎಂದಳು. ಆಮೇಲೆ ಸಂದರ್ಶನ ಮುಗಿಯುವವರೆಗೂ ನನ್ನೊಡನೆ ಅತಿಥಿಯೊಬ್ಬರಿಗೆ ತೋರಿಸುವಷ್ಟು ಮರ್ಯಾದೆಯಿಂದ ನಡೆದುಕೊಂಡಳು. "ಇನ್ನೊಂದು ಮುದ್ದೆ ಬೇಕಾಗಿತ್ತೇ?" ಎಂದು ಕೇಳುವಳು. ನಮ್ಮ ಮನೆಯಲ್ಲಿ ಈ 'ಆಗಿತ್ತೇ' ಬಂತೆಂದರೆ ಯಾವುದೋ ಸಂಬಂಧ ಕಡಿದುಹೋಗಿದೆ ಎಂದೇ ಅರ್ಥ.

ಸಂದರ್ಶನವಾದ ದಿನ ಮಧ್ಯಾಹ್ನ ಕುಲಕರ್ಣಿಯವರು ನನ್ನನ್ನು ಚಹಾಕ್ಕೆ ಕರೆದರು. ಮುಖ ಅರಳಿತ್ತು.

"ನಿಮ್ಮ ಹುಡುಗಿ ಭಾಳ ಚಲೋ ಮಾಡಿದ್ಲರೀ. ಖರೇ ಹೇಳ್ಬೇಕಂದ್ರ ಆಕೀನ ಎಲ್ಲಾರಕಿಂತ ಮ್ಯಾಲೆ. ಆದ್ರ ನಾವು ಚಾಮರಾಜನಗರದ ಹುಡುಗನ್ನ ಆರಿಸಿವಿ. ನೀವು ಇಷ್ಟು ದೊಡ್ಡ ಮನಸ್ಸು ಮಾಡಿ ಸರಿದು ನಿಂತೀರಿ. ನಾಳೆ ಯಾರೂ ನಿಮ್ಮ ಕಡೆ ಬೊಟ್ಟು ಮಾಡಬಾರ್ದು ನೋಡ್ರಿ."

ನಾನು ಚಹಾದ ಲೋಟ ಕೆಳಗಿಟ್ಟೆ. ನಾನು ಸರಿದು ನಿಂತದ್ದು ಅವಳ ದಾರಿಗೆ ನಾನು ನೆರವೂ ಆಗಬಾರದು, ಅಡ್ಡಿಯೂ ಆಗಬಾರದು ಎಂದು. ಈಗ ನೋಡಿದರೆ ನನ್ನ ಪ್ರಾಮಾಣಿಕತೆಯೇ ಬಾಗಿಲಿಗೆ ಅಡ್ಡಲಾಗಿ ಮಲಗಿದೆ. ನಾನು ಅಪ್ರಾಮಾಣಿಕನಾಗಿದ್ದರೂ ಅವಳಿಗೆ ಇಷ್ಟು ಕೆಟ್ಟದ್ದಾಗುತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಎಂದಿನಂತೆ ಒಬ್ಬನೇ ಕೂತು ಯೋಚಿಸಿದೆ. ಸುಮ್ಮನಿದ್ದರೆ ನನ್ನ ಹೆಸರು ಹೊಳೆಯುತ್ತದೆ. ಆದರೆ ಅದು ಹೊಳೆಯುವುದು ಒಬ್ಬಳ ಅನ್ನದ ಖರ್ಚಿನಲ್ಲಿ. ಬಾಯಿ ಬಿಟ್ಟರೆ, 'ಕೊನೆಗೂ ನೆಂಟರ ಪರ ನಿಂತ ನೋಡಿ' ಎನ್ನುತ್ತಾರೆ. ಇನ್ನು ಆ ಚಾಮರಾಜನಗರದ ಹುಡುಗ? ಅವನೂ ಯಾರದೋ ಮಗ, ಏನೂ ತಪ್ಪು ಮಾಡಿದವನಲ್ಲ. ಮುಂಬಯಿಯ ಹೆಣ್ಣುಮಗಳು ಪರದೆಯ ಮೇಲೆ ಎಷ್ಟೋ ಉದಾಹರಣೆ ತೋರಿಸಿದ್ದಳು. ಇದೊಂದು ಮಾತ್ರ ಅದರಲ್ಲಿ ಇರಲಿಲ್ಲ. ಎರಡು ಸರಿಗಳ ನಡುವೆ ಸಿಕ್ಕಿಕೊಳ್ಳುವ ಕಷ್ಟ ಸರಿತಪ್ಪುಗಳ ನಡುವೆ ಇರುವುದಿಲ್ಲ. ತಪ್ಪಿನ ಕಡೆಯಾದರೆ ಹೊರಳಿ ಸ್ವಲ್ಪ ಸುಖವಾದರೂ ಪಡಬಹುದು.

ಮಾರನೆಯ ದಿನ ಕುಲಕರ್ಣಿಯವರಿಗೆ ಹೇಳಿದೆ: "ಸರ್, ಅವಳನ್ನ ತಗೊಳ್ಳಿ ಅಂತ ನಾನು ಹೇಳೋದಿಲ್ಲ. ಆದ್ರೆ ನನ್ನ ನೆಂಟಳು ಅನ್ನೋ ಕಾರಣಕ್ಕೆ ಬಿಡಬೇಡಿ. ಅದೂ ಅನ್ಯಾಯವೇ."

ಅವರು ಕುರ್ಚಿಗೆ ಒರಗಿ ಕೂತರು. "ಅಂದ್ರ ಈಗ ಒಳಗಿನ ಮಾತು ಹೊರಗ ಬಂತು ಅನ್ರಿ" ಎಂದರು. ಹಿಂದೆ ಕುಲುಕಿದ ಕೈಯನ್ನು ಅವರು ವಾಪಸ್ಸು ತೆಗೆದುಕೊಂಡಂತೆ ನನಗೆ ಅನ್ನಿಸಿತು. ಆದರೂ ಅವರು ನ್ಯಾಯಸ್ಥರೇ. ಹುಡುಗನಿಗೆ ಇನ್ನೂ ಪತ್ರ ಹೋಗಿರಲಿಲ್ಲ. ಇಬ್ಬರನ್ನೂ ಮತ್ತೆ ಕರೆಸಿ, ಒಂದೇ ಬಗೆಯ ಪುಡಿಗಳನ್ನು ಪರೀಕ್ಷಿಸಲು ಕೊಟ್ಟು, ಅವರ ವರದಿಗಳನ್ನು ಹೆಸರಿಲ್ಲದೆ ಮುಖ್ಯ ಕಚೇರಿಯ ಗುಣಮಟ್ಟ ವಿಭಾಗಕ್ಕೆ ಕಳಿಸಿದರು. ಅಲ್ಲಿಂದ ಬಂದ ಉತ್ತರ ಸೌಮ್ಯಳ ಪರವಾಗಿತ್ತು. ಹುಡುಗನನ್ನೂ ಬಿಡುವುದು ಬೇಡವೆಂದು ಮುಂದೆ ಗೋದಾಮಿನ ಕಡೆ ಜಾಗವಾದಾಗ ಕರೆಸುವುದಾಗಿ ಹೇಳಿದರು. ಮೂರನೆಯ ತಿಂಗಳು ನಿಜವಾಗಿಯೂ ಕರೆಸಿದರು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಭಾನುವಾರ ಪುಟ್ಟಸ್ವಾಮಿ ಒಂದು ಮೂಟೆ ಅಕ್ಕಿ ತಂದು ನಮ್ಮ ಜಗಲಿಗೆ ಇಳಿಸಿ, ಇಡೀ ಬೀದಿಗೆ ಕೇಳುವಂತೆ, "ನಮ್ ಬಾವ ಒಂದ್ ಮಾತ್ ಏಳುದ್ರು, ಆಗೋಯ್ತು ಕೆಲ್ಸ!" ಎಂದು ಘೋಷಿಸಿದ. ನಾನು ಹೇಳಿಲ್ಲ ಕಣೋ ಎಂದರೆ, "ದೊಡ್ಡೋರು ಅಂಗೇ ಅನ್ನಾದು" ಎಂದು ನನ್ನ ವಿನಯವನ್ನು ಮೆಚ್ಚಿಕೊಂಡ. ಮೂಟೆಯನ್ನು ಹಿಂದಕ್ಕೆ ಕಳಿಸುವಷ್ಟರಲ್ಲಿ ಅವನಿಗೂ ನನಗೂ ಸೊಂಟ ನೋವು ಬಂತು. ಆ ವಾರದಿಂದ ಬಸ್ಸಿನಲ್ಲಿ ಜನ ನನ್ನ ಪಕ್ಕದಲ್ಲಿ ಕೂರತೊಡಗಿದರು. ಸೀನುತ್ತಲೇ ತಮ್ಮ ಮಕ್ಕಳ ವಿದ್ಯಾರ್ಹತೆ ಹೇಳತೊಡಗಿದರು.

ಇವೆಲ್ಲ ನಗೆಯ ಮಾತಾಯಿತು. ನಗೆಯಲ್ಲದ್ದು ಸೌಮ್ಯಳದು. ಕೆಲಸಕ್ಕೆ ಸೇರಿದ ಕೆಲವು ದಿನಕ್ಕೆ ಊಟದ ಬಿಡುವಿನಲ್ಲಿ ಬಂದು ನನ್ನ ಮೇಜಿನ ಎದುರು ನಿಂತಳು.

"ಮಾವ, ಊರಲ್ಲೆಲ್ಲ ಇದು ನೀವು ಕೊಡಿಸಿದ ಕೆಲಸ ಅಂತಾರೆ. ನೀವು ಏನಾದ್ರೂ ಹೇಳಿದ್ರಾ?"

ಸುಳ್ಳು ಹೇಳಬಹುದಿತ್ತು. "ತಗೊಳ್ಳಿ ಅಂತ ಹೇಳಲಿಲ್ಲ ಕಣಮ್ಮ. ನನ್ನ ದೆಸೆಯಿಂದ ಬಿಡಬೇಡಿ ಅಂದೆ, ಅಷ್ಟೆ" ಎಂದೆ. ಅವಳು, "ಅದೂ ಒಂದು ಮಾತೇ ಅಲ್ವಾ ಮಾವ?" ಎಂದು ಹೊರಟುಹೋದಳು.

ಮಳೆ ಹಿಡಿದ ಒಂದು ವಾರ ಅವಳು ಮೆಣಸಿನಪುಡಿಯ ಒಂದು ದೊಡ್ಡ ರಾಶಿಯನ್ನು ತಡೆದಳು. ತೇವ ಹೆಚ್ಚಾಗಿದೆ, ಬೂಷ್ಟು ಕಟ್ಟುತ್ತಿದೆ, ಹೊರಗೆ ಕಳಿಸಲು ಸಹಿ ಹಾಕುವುದಿಲ್ಲ ಎಂದಳು. ಹೊರಗೆ ಲಾರಿ ನಿಂತಿತ್ತು. ಅದು ಮಾರನೆಯ ದಿನ ಕೊಚ್ಚಿ ಮುಟ್ಟಬೇಕಿತ್ತು. ಕುಲಕರ್ಣಿಯವರು ನನ್ನ ಕೋಣೆಗೆ ಧಾವಿಸಿ ಬಂದರು. "ನಿಮ್ಮ ಹುಡುಗಿಗೆ ಸ್ವಲ್ಪ ಹೇಳ್ರಿ. ಇದೊಂದು ಸಲ ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾಳ."

"ಸರ್, ಇಲ್ಲಿ ಅವಳು ನನ್ನ ಹುಡುಗಿಯಲ್ಲ" ಎಂದೆ.

"ಹಂಗಂದ್ರ ಹೆಂಗ್ರೀ? ಅವತ್ತು ನೀವ ಬಂದು ನೆಂಟಳು ಅಂದ್ರಿ!"

ನಾನು ಪ್ರಯೋಗಾಲಯದ ಕಡೆ ಹೊರಟೆ. ಏನು ಹೇಳಲು ಹೊರಟೆನೆಂದು ಪ್ರಾಮಾಣಿಕವಾಗಿ ನನಗೇ ಗೊತ್ತಿಲ್ಲ. 'ಗಟ್ಟಿಯಾಗಿರು' ಎಂದೋ, ಅಥವಾ ಕುಲಕರ್ಣಿಯವರ ಕೆಂಪು ಮುಖ ನೆನೆದು ಇನ್ನೇನಾದರೂ ಎಂದೋ. ಹೇಳುವ ಪ್ರಮೇಯ ಬರಲಿಲ್ಲ. ಬಾಗಿಲು ತೆರೆಯುತ್ತಿದ್ದಂತೆ ಬಿಳಿ ಕೋಟು ತೊಟ್ಟ ಸೌಮ್ಯ ಕೈ ಅಡ್ಡ ಮಾಡಿದಳು. "ಸಾರ್, ಈ ಕೋಣೆಗೆ ಬೇರೆ ವಿಭಾಗದವರು ಬರೋ ಹಾಗಿಲ್ಲ. ನಿಮ್ಮ ಅಂಗಿಯ ಪುಡಿ ನನ್ನ ಮಾದರಿಗೆ ಬಿದ್ದರೆ ಎಲ್ಲ ಮತ್ತೆ ಮಾಡಬೇಕಾಗುತ್ತೆ." ಮಾವ ಅನ್ನಲಿಲ್ಲ. ಹಾಲಿನ ಲೋಟ ಹಿಡಿದು ನಮ್ಮ ಅಡುಗೆಮನೆಯಲ್ಲಿ ಓಡಾಡುತ್ತಿದ್ದವಳು ನನ್ನ ಮುಖದೆದುರೇ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಅವಮಾನವಾಯಿತು, ಅದರ ಹಿಂದೆಯೇ, ಕಾರಣ ಗೊತ್ತಿಲ್ಲದಂಥ ಒಂದು ಸಂತೋಷವೂ ಆಯಿತು. ಲಾರಿ ಖಾಲಿಯೇ ಹೋಯಿತು.

ಕುಲಕರ್ಣಿಯವರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ಆದರೆ ಅದೇ ಮೆಣಸಿನಕಾಯಿ ಕೊಂಡಿದ್ದ ನಮ್ಮ ಇನ್ನೊಂದು ಕಾರ್ಖಾನೆಯ ಪುಡಿ ಅಂಗಡಿ ಅಂಗಡಿಗಳಿಂದ ವಾಪಸ್ಸು ಬಂದಿತೆಂಬ ಸುದ್ದಿ ತಿಳಿದಾಗ, ಅವರೇ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಚಲೋ ಮಾಡಿದಿವ್ವಾ" ಎಂದು ಬಂದರು.

ಮೊನ್ನೆ ಮುಂಬಯಿಯಿಂದ ಗುಣಮಟ್ಟ ವಿಭಾಗದ ಹಿರಿಯರೊಬ್ಬರು ಬಂದಿದ್ದರು. ಎಲ್ಲರನ್ನೂ ಸೇರಿಸಿ, ಆ ರಾಶಿ ತಡೆದ ಹುಡುಗಿಯನ್ನು ಬಾಯಿತುಂಬ ಹೊಗಳಿ, "ಈ ರತ್ನವನ್ನು ಹುಡುಕಿ ತಂದವರು ಯಾರು?" ಎಂದು ಕೇಳಿದರು. ಸೌಮ್ಯ ಮೂರನೆಯ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಎಥಿಕ್ಸ್ ಉಸ್ತುವಾರಿ. ಬೀದಿಬೀದಿಯಲ್ಲಿ, ಬಸ್ಸುಬಸ್ಸಿನಲ್ಲಿ 'ನಾನಲ್ಲ, ನಾನಲ್ಲ' ಎಂದು ತಿಂಗಳುಗಟ್ಟಲೆ ಸಾರಿದವನು. ಈಗಲೂ ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಸಭೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು, ಮತ್ತು ಅಷ್ಟರಲ್ಲಾಗಲೇ ನಾನು ಎದ್ದು ನಿಂತು ಕೈ ಮುಗಿದಾಗಿತ್ತು.