ಷಡ್ಡಕರ ಕ್ಯಾರವಾನಿನಲ್ಲಿ ನಮ್ಮ ಸೀಮೆ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ದೂರದವರ ಗೊಡವೆಗೆ ಹೋಗುವವನಲ್ಲ. ಮಂತ್ರಿಗಳ ಬಂಗಲೆ, ಸಿನಿಮಾದವರ ಕಾರು, ಕ್ರಿಕೆಟ್ ಆಡುವವರ ಹೆಸರು, ಇವು ಯಾವುವೂ ನನ್ನ ನಿದ್ದೆ ಕೆಡಿಸಿಲ್ಲ. ನನ್ನದು ಸಣ್ಣ ಹೊಟ್ಟೆ, ಅದರಲ್ಲಿ ಹಿಡಿಸುವುದು ಒಬ್ಬರೇ. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕ ಗಿರಿಜಕ್ಕನ ಗಂಡ, ಪ್ರಭಾಕರರು. ಷಡ್ಡಕ ಎಂಬ ಸಂಬಂಧವನ್ನು ಹುಟ್ಟುಹಾಕಿದವರಿಗೆ ಮನುಷ್ಯರನ್ನು ಜೋಡಿಯಾಗಿ ನಿಲ್ಲಿಸಿ ಎತ್ತರ ಅಳೆಯುವ ಚಟ ಇದ್ದಿರಬೇಕು. ಅಣ್ಣತಮ್ಮಂದಿರು ಹೊಲಕ್ಕಾಗಿ ಒಮ್ಮೆ ಜಗಳಾಡಿ ಹಗುರಾಗುತ್ತಾರೆ. ಷಡ್ಡಕರಿಗೆ ಜಗಳಾಡಲು ಹೊಲವೂ ಇರುವುದಿಲ್ಲ. ಅತ್ತೆಯ ಮನೆಯಲ್ಲಿ ಅಕ್ಕಪಕ್ಕ ಊಟಕ್ಕೆ ಕೂತು, ಯಾರ ಹೋಳಿಗೆಗೆ ತುಪ್ಪ ಹೆಚ್ಚು ಬಿತ್ತು ಎಂದು ಓರೆಗಣ್ಣಿನಿಂದ ನೋಡುತ್ತ ಆಯುಷ್ಯ ಕಳೆಯಬೇಕು. ನಾನು ಹಾಗೇ ಕಳೆದಿದ್ದೇನೆ. ತುಪ್ಪ ಯಾವಾಗಲೂ ಅವರಿಗೇ ಹೆಚ್ಚು ಬಿದ್ದಿದೆ.

ಪ್ರಭಾಕರರು ಮೈಸೂರಿನವರು. ನೌಕರಿ ಮುಗಿದ ಮೇಲೆ ಎಲ್ಲರಂತೆ ಬೆಳಗಿನ ವಾಕಿಂಗು, ಮೊಣಕಾಲು ನೋವು ಎಂದು ಮರ್ಯಾದೆಯಿಂದ ಇರುವುದು ಬಿಟ್ಟು, ಒಂದು ಟೆಂಪೋ ಟ್ರಾವೆಲರ್ ಕೊಂಡು ಅದನ್ನು ಕ್ಯಾರವಾನ್ ಮಾಡಿಸಿದರು. ಒಳಗೆ ನಾಲ್ವರು ಮಲಗುವ ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಸಿಂಕು, ಒಂದು ಮೂಲೆಯಲ್ಲಿ ಪಾಯಖಾನೆ ಕೂಡ. ಸಂಕ್ರಾಂತಿ ಮುಗಿದ ವಾರ ಅವರನ್ನೂ ಗಿರಿಜಕ್ಕನನ್ನೂ ಹೊತ್ತು ಅದು ಬೆಟಗೇರಿಯ ನಮ್ಮ ಓಣಿಗೆ ಬಂದು ನಿಂತಾಗ ಓಣಿಗೆ ಓಣಿಯೇ ಹೊರಗೆ ಬಂತು. ನನ್ನ ಹೆಂಡತಿ ಶೈಲಾ ಒಳಗೆ ಹೋಗಿ ಸಿಂಕಿನ ನಳ ತಿರುಗಿಸಿದಳು. ನೀರು ಬಂತು. ನಿಲ್ಲಿಸಿ ಮತ್ತೆ ತಿರುಗಿಸಿದಳು. ಮತ್ತೆ ಬಂತು. ಗದಗ-ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವ ದಿನ ಹತ್ತಿರದವರ ಮದುವೆಗೂ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಅಂಥ ಊರಿನ ಹೆಣ್ಣುಮಗಳಿಗೆ ಇದನ್ನು ತೋರಿಸಬಾರದಿತ್ತು. "ನೋಡ್ರಿ, ಮಾಮಾರ ಗಾಡ್ಯಾಗ ಯಾವಾಗ ಬೇಕಾದಾಗ ನೀರು!" ಎಂದು ನನ್ನ ಕಡೆ ನೋಡಿದಳು, ನೀರು ಬಿಡುವವನು ನಾನೇ ಎಂಬಂತೆ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತಾರೆ. ಆ ಶಬ್ದವನ್ನು ಆಕೆ ಹೇಳುವ ಅಕ್ಕರೆಯಲ್ಲಿ ನನ್ನನ್ನು ಒಮ್ಮೆಯೂ ಕರೆದದ್ದಿಲ್ಲ.

"ನಿಮ್ಮ ಕಡೆ ಸಣ್ಣ ಸಣ್ಣ ಊರುಗಳನ್ನ ನಿಧಾನವಾಗಿ ನೋಡ್ಬೇಕು ಕಣ್ರೀ. ನೀವೇ ನಮ್ಮ ಗೈಡು," ಎಂದರು ಪ್ರಭಾಕರರು. ನನಗೆ ಒಳಗೊಳಗೇ ಖುಷಿಯಾಯಿತು. ನಾನು ಗದಗಿನಲ್ಲಿ ಪ್ರೆಸ್ಸು ನಡೆಸುವವನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎಷ್ಟೋ ಮನೆಗಳ ಲಗ್ನಪತ್ರಿಕೆ ನನ್ನಲ್ಲೇ ಅಚ್ಚಾಗುತ್ತವೆ. ಯಾರ ಸೋದರಮಾವನ ಹೆಸರು ಪತ್ರಿಕೆಯಲ್ಲಿ ಬಿಟ್ಟುಹೋಗಿ ಯಾವ ಮದುವೆಯಲ್ಲಿ ಊಟ ಬಿಟ್ಟು ಎದ್ದರು ಎಂಬುದೆಲ್ಲ ನನಗೆ ಬಾಯಿಪಾಠ. ಮೈಸೂರಿನಲ್ಲಿ ಅವರು ಏನೇ ಇರಲಿ, ಈ ಸೀಮೆಯಲ್ಲಿ ಮರ್ಯಾದೆ ನನ್ನದೇ. ಊರೂರಿಗೆ ಜನ ನನ್ನನ್ನು ಗುರುತು ಹಿಡಿದು ನಮಸ್ಕಾರ ಮಾಡುತ್ತಾರೆ, ಅದನ್ನು ಶೈಲಾ ನೋಡುತ್ತಾಳೆ, ನೋಡಿ ಪ್ರಭಾಕರರ ಎದುರಿಗೇ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡುತ್ತಾಳೆ. ಒಂದೇ ಒಂದು ಮಾತು ಸಾಕಾಗಿತ್ತು. ಅಷ್ಟನ್ನು ಬಯಸಿ ನಾನು ಗಾಡಿ ಹತ್ತಿದೆ.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ನೋಡಿಕೊಂಡು ಬಜಾರಿಗೆ ಬಂದಾಗ ನನ್ನ ಲೆಕ್ಕಾಚಾರ ಸರಿಯಾಗಿಯೇ ಶುರುವಾಯಿತು. ಬಟ್ಟೆ ಅಂಗಡಿಯ ಯಜಮಾನರೊಬ್ಬರು ಗಾದಿಯಿಂದ ಎದ್ದು, "ಏನ್ರೀ ಪ್ರೆಸ್ಸಿನ್ಯಾರ! ಬರ್ರಿ ಬರ್ರಿ," ಎಂದು ಎರಡೂ ಕೈ ಹಿಡಿದುಕೊಂಡರು. ಅವರ ಮಗಳ ಲಗ್ನಪತ್ರಿಕೆ ಮಾಡಿಕೊಟ್ಟಿದ್ದೆ. ನಾನು ಶೈಲಾಳ ಕಡೆ ನೋಡಿದೆ, ಆಕೆಯೂ ನೋಡುತ್ತಿದ್ದಳು. ಅಷ್ಟರಲ್ಲಿ ನಾನೇ ಬಾಯಿ ತಪ್ಪಿ, "ಇವರು ನಮ್ಮ ಷಡ್ಡಕರು, ಮೈಸೂರಿನವರು," ಎಂದುಬಿಟ್ಟೆ. ಯಜಮಾನರು ನನ್ನ ಕೈ ಬಿಟ್ಟರು. "ಮೈಸೂರಿನವರ? ಅಷ್ಟು ದೂರದಿಂದ ಬಂದಾರ! ಕುಂಡ್ರಿ ಸಾಹೇಬರ, ಇಲ್ಲೆ ಗಾದಿ ಮ್ಯಾಲ ಕುಂಡ್ರಿ." ಷಡ್ಡಕರು ಗಾದಿಯ ಮೇಲೆ, ಲೋಡಿಗೆ ಒರಗಿ. ಒಳಗಿನಿಂದ ನೀರಿನ ತಂಬಿಗೆ ಬಂತು. ಯಜಮಾನರು ಅದನ್ನು ತಂದು ನನ್ನ ಕೈಗೆ ಕೊಟ್ಟರು. "ನೀವು ನಮ್ಮವರ ಅದೀರಿ, ಬ್ಯಾರೆ ಏನಿಲ್ಲ. ಅವರಿಗೆಲ್ಲ ನೀರು ಕೊಡ್ರಿ. ಹಂಗ ಅಲ್ಲೆ ಮೂಲ್ಯಾಗ ಫ್ಯಾನಿನ ಬಟನ್ ಐತಿ, ಹಾಕ್ರಿ."

ನಮ್ಮ ಕಡೆಯ ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನೂ ಹಾಗೇ ಮಾಡಿದವನು. ದೂರದವರು ಬಂದರೆ ಬೀಗರ ಮರ್ಯಾದೆ, ಹತ್ತಿರದವರು ಬಂದರೆ ಒಂದು ಕೆಲಸ. ನಮ್ಮವರು ಎಂದು ಒಮ್ಮೆ ಅನ್ನಿಸಿಕೊಂಡಿರೋ, ನಿಮ್ಮ ಊಟ ಕೊನೆಯ ಪಂಕ್ತಿಗೆ ಹೋಯಿತೆಂದೇ ಅರ್ಥ. ಆದರೆ ಆ ಪದ್ಧತಿಯನ್ನು ನಾಲ್ಕು ತಾಲೂಕಿನ ಜನ ಮಾತಾಡಿಕೊಂಡು ನನ್ನ ಮೇಲೇ ಹೇರುತ್ತಾರೆಂದು ಯಾರಿಗೆ ಗೊತ್ತಿತ್ತು?

ಶಿಗ್ಲಿಯ ಹತ್ತಿರ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದೆವು. ಹೊಲದಲ್ಲಿ ರೈತರೊಬ್ಬರು ಮನೆಮಂದಿಯ ಜೊತೆ ಸೀತನಿ ಸುಡುತ್ತಿದ್ದರು. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿ ಇರುವಾಗಲೇ ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನುವ ಸುಖಕ್ಕೆ ನಾನು ಏನು ಬೇಕಾದರೂ ಬಿಟ್ಟೇನು. ಕ್ಯಾರವಾನ್ ಕಂಡ ಕೂಡಲೆ ಅವರು ಕೂಗಿ ಕರೆದರು. ಮೈಸೂರು ಎಂದು ಕೇಳಿದ್ದೇ ತಡ, ಕಂಬಳಿ ಹಾಸಿದರು. ಷಡ್ಡಕರು ಚಕ್ಕಳಬಕ್ಕಳ ಹಾಕಿ ಕೂತರು. ನಾನು ಕಂಬಳಿಯ ತುದಿಗೆ ಕಾಲಿಡುವಷ್ಟರಲ್ಲಿ, "ನೀವು ಗದಗಿನವರಲ್ಲಾ, ನಿಮಗ ಗೊತ್ತಿರತೈತಿ. ಅಷ್ಟ ಕೆಂಡ ಊದ್ರಿ, ನಾ ತೆನಿ ತರ್ತೀನಿ," ಎಂದು ರೈತರು ಹೋದರು. ನಾನು ಊದಿದೆ. ಬೂದಿ ಕಣ್ಣಿಗೆ ಬಂತು, ಸೀತನಿ ಷಡ್ಡಕರ ಬಾಯಿಗೆ ಹೋಯಿತು. "ಬೊಂಬಾಟ್ ಆಗಿದೆ ಕಣ್ರೀ!" ಎಂದು ಅವರು ಒಂದೊಂದು ಹಿಡಿಗೂ ಹೇಳಿದರು. ರೈತರ ಹೆಂಡತಿ ಹಿಗ್ಗಿ ಮತ್ತೆ ಮತ್ತೆ ಹಾಕಿದಳು. ಶೈಲಾ ನನ್ನ ಕಿವಿಯಲ್ಲಿ, "ಮಾಮಾರು ಹ್ಯಾಂಗ ಹೊಗಳಿಕೋತ ತಿಂತಾರ ನೋಡ್ರಿ. ನೀವು ಮನ್ಯಾಗ ಒಂದಿನ ಅಂದೀರೇನು?" ಎಂದಳು. ಹೊಟ್ಟೆಯಲ್ಲಿದ್ದ ಕಿಚ್ಚಿನಲ್ಲಿ ಇನ್ನೂ ಒಂದು ಬುಟ್ಟಿ ತೆನೆ ಸುಡಬಹುದಿತ್ತು.

ಶಿರಹಟ್ಟಿಯಲ್ಲಿ ಹೆಚ್ಚೇನೂ ಆಗಲಿಲ್ಲ. ಷಡ್ಡಕರಿಗೆ ಶಾಲು ಹೊದಿಸಿದರು. ಫೋಟೋ ತೆಗೆದವನು ನಾನು.

ಮುಂಡರಗಿ ಬರುವ ಹೊತ್ತಿಗೆ ನಾನು ಒಂದು ಗಟ್ಟಿ ನಿರ್ಧಾರ ಮಾಡಿದ್ದೆ. ಮರ್ಯಾದೆ ದೂರದವರಿಗೇ ಎಂದಾದರೆ ನಾನೂ ದೂರದವನಾಗುತ್ತೇನೆ. ಮುಂಡರಗಿಯಲ್ಲಿ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿ ಗಿರಿಜಕ್ಕ ಅನ್ನಕ್ಕಿಡಲು ಹೊರಟಿದ್ದಳು. ಎದುರು ಮನೆಯ ಹಿರಿಯ ಹೆಣ್ಣುಮಗಳು ನೀಲವ್ವ ಬಾಗಿಲಿಗೇ ಬಂದರು. "ನಮ್ಮ ಮನಿ ಮುಂದ ನಿಂತು ಗಾಡ್ಯಾಗ ಅಡಗಿ ಮಾಡ್ಕೊಂಡು ಉಂಡ್ರ ಊರ ಮಂದಿ ನನಗ ಏನಂದಾರು? ಏಳ್ರಿ, ಒಳಗ ಬರ್ರಿ." ಹೊರಟಾಗಿನಿಂದ ಆ ಒಲೆಗೆ ಯಾರೂ ಬೆಂಕಿ ಹಚ್ಚಗೊಟ್ಟಿರಲಿಲ್ಲ. ಎಲ್ಲಿಯವರು ಎಂದು ನೀಲವ್ವ ಕೇಳಿದ ಕೂಡಲೆ, ಬೇರೆಯವರು ಬಾಯಿ ತೆರೆಯುವ ಮೊದಲೇ ನಾನು, "ನಾವೆಲ್ಲಾ ಮೈಸೂರಿನೋರು ಕಣಮ್ಮಾ," ಎಂದೆ. ಶೈಲಾ ನನ್ನನ್ನು ಜ್ವರ ಬಂದವರನ್ನು ನೋಡುವಂತೆ ನೋಡಿದಳು.

ಉಪಾಯ ಫಲಿಸಿತು. ಜಮಖಾನೆ ಹಾಸಿದರು, ಅದರ ಮೇಲೆ ನನ್ನನ್ನೂ ಕೂರಿಸಿದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. "ಇನ್ನೊಂದು ಹಾಕಿಸ್ಕೋರಿ ಸಾಹೇಬರ," ಎಂದು ನೀಲವ್ವ ನನಗೂ ಅಂದರು. ಆ ಸಾಹೇಬರ ಎಂಬ ಶಬ್ದ ಕಿವಿಗೆ ಬಿದ್ದು ನಾನು ಮೈಮರೆತೆ. ತಾಟಿನ ಪಕ್ಕದಲ್ಲಿ ಒಂದೊಂದು ಇಡೀ ಉಳ್ಳಾಗಡ್ಡಿ ಇಟ್ಟಿದ್ದರು. ಪ್ರಭಾಕರರು ಅದನ್ನು ಕೈಯಲ್ಲಿ ಹಿಡಿದು ಚಾಕು ಎಲ್ಲಿ ಎಂದು ಸುತ್ತ ನೋಡುತ್ತಿದ್ದರು. ನನ್ನ ಕೈ ಮಾತ್ರ ನನ್ನನ್ನು ಕೇಳಲಿಲ್ಲ. ಉಳ್ಳಾಗಡ್ಡಿಯನ್ನು ನೆಲದ ಫರಸಿಯ ಮೇಲೆ ಇಟ್ಟು ಮುಷ್ಟಿಯಿಂದ ಒಂದು ಗುದ್ದು ಗುದ್ದಿ, ಸಿಪ್ಪೆ ಝಾಡಿಸಿ ಬಾಯಿಗೆ ಹಾಕಿಕೊಂಡೆ.

ರೊಟ್ಟಿ ಬುಟ್ಟಿ ಹಿಡಿದ ನೀಲವ್ವ ಅಲ್ಲೇ ನಿಂತರು. "ಹೌದಲ್ರೀ, ಮೈಸೂರಿನ್ಯಾರು ಉಳ್ಳಾಗಡ್ಡಿ ಗುದ್ದಿ ತಿಂತಾರೇನು?" ಶೈಲಾ, "ಇವರು ಬೆಟಗೇರಿಯವರರೀ ಯವ್ವಾ," ಎಂದು ನಗು ತಡೆಯಲಾರದೆ ಹೇಳಿಬಿಟ್ಟಳು. ನೀಲವ್ವನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅವರಿಗೆ ಸಂತೋಷವಾಯಿತು. "ಅಯ್ಯ, ನಮ್ಮವರ ಅದೀರಿ! ಮತ್ತ ಯಾಕ ನಾಚಿಗಿ? ಏಳ್ರಿ, ಈ ಬುಟ್ಟಿ ಹಿಡೀರಿ. ಅಡಗಿಮನ್ಯಾಗ ಪಲ್ಯಾ ಐತಿ, ತಗೊಂಡು ಬಂದು ಬೀಗರಿಗೆ ನೀಡ್ರಿ." ಅರ್ಧ ಊಟದಿಂದ ಎದ್ದು ಕೈ ತೊಳೆದು ಷಡ್ಡಕರಿಗೆ ನಾನೇ ಎಣ್ಣೆಗಾಯಿ ನೀಡಿದೆ.

ಮರಳಿ ಬರುವಾಗ ಡಂಬಳದ ಕೆರೆಯ ಏರಿಯ ಹತ್ತಿರ ಗಾಡಿ ನಿಲ್ಲಿಸಿದೆವು. ಕರೆಯುವವರು ಯಾರೂ ಹತ್ತಿರ ಇರಲಿಲ್ಲವಾದ್ದರಿಂದ ಕ್ಯಾರವಾನಿನ ಒಲೆ ಕೊನೆಗೂ ಹೊತ್ತಿತು, ಚಹಾ ಆಯಿತು. ಪ್ರಭಾಕರರು ಕಪ್ಪು ಹಿಡಿದು ನನ್ನ ಕಡೆ ತಿರುಗಿ, "ನಿಜ ಹೇಳ್ಲಾ? ಹೊರಟಾಗಿನಿಂದ ನಿಮ್ಮನ್ನ ನೋಡಿ ನನಗೆ ಹೊಟ್ಟೆ ಉರೀತಿದೆ," ಎಂದರು. "ನನ್ನನ್ನ ಎಲ್ಲರೂ ಒಳ್ಳೇ ಜಾಗ ನೋಡಿ ಕೂರಿಸಿದ್ರು, ಅಲ್ಲೇ ಬಿಟ್ರು. ಒಬ್ಬರೂ ಒಂದು ಲೋಟ ಆ ಕಡೆ ಕೊಡಿ ಅನ್ಲಿಲ್ಲ. ನೀವು ಮಾತ್ರ ಯಾರ ಮನೇಗೆ ಹೋದ್ರೂ ಅಡುಗೆಮನೆ ತನಕ ಹೋಗಿ ಬಂದ್ರಿ. ಮೈಸೂರಲ್ಲಿ ಇಷ್ಟು ವರ್ಷ ಇದ್ದೀನಿ, ಪಕ್ಕದ ಮನೆ ಅಡುಗೆಮನೆ ಯಾವ ಕಡೆ ಇದೆ ಅಂತ ಗೊತ್ತಿಲ್ಲ."

ನನಗೆ ಆದ ಆನಂದವನ್ನು ಏನೆಂದು ಹೇಳಲಿ! ಮದುವೆಯಾದಾಗಿನಿಂದ ತಾಟಿನ ತುಪ್ಪ ನೋಡಿ ನೊಂದವನಿಗೆ ಸ್ವತಃ ತುಪ್ಪದ ಒಡೆಯರೇ ಬಂದು ಸೋತೆ ಎಂದಂತಾಯಿತು. ಈಗ ಶೈಲಾ ಆ ಮಾತು ಆಡುತ್ತಾಳೆ, ಆಡಲೇಬೇಕು ಎಂದು ಮೈಯೆಲ್ಲ ಕಿವಿಯಾಗಿ ಆಕೆಯ ಕಡೆ ತಿರುಗಿದೆ. ಆಕೆಯ ಕಣ್ಣುಗಳು ತುಂಬಿದ್ದವು. ಆದರೆ ಆ ಕಣ್ಣುಗಳು ಪ್ರಭಾಕರರನ್ನು ನೋಡುತ್ತಿದ್ದವು.

"ಎಷ್ಟು ದೊಡ್ಡ ಮನಸ್ಸರಿ ಮಾಮಾರದು! ಹೊಟ್ಟಿಕಿಚ್ಚು ಎಲ್ಲಾರಿಗೂ ಇರತೈತಿ. ಹಿಂಗ ಎದುರಿಗೆ ಬಾಯಿಬಿಟ್ಟು ಹೇಳಾಕ ಎಷ್ಟು ಮಂದಿಗೆ ಆಗತೈತಿ?"

ನಾನು ಗಡಬಡಿಸಿ, "ನನಗೂ ಇತ್ತು! ಇವರಕಿಂತ ಮೊದಲಿಂದ ಇತ್ತು, ಇವರಕಿಂತ ಹೆಚ್ಚ ಇತ್ತು!" ಎಂದೆ.

"ನಿಮ್ಮದು ಗೊತ್ತಿದ್ದದ್ದ ಐತಿ ಬಿಡ್ರಿ," ಎಂದಳು ಶೈಲಾ. "ಆ ಕಪ್ಪು ಕೊಡ್ರಿ ಇತ್ತ, ಮಾಮಾರಿಗೆ ಇನ್ನೊಂದೀಟು ಚಹಾ ಹಾಕ್ತೀನಿ."

ಕಪ್ಪು ತೆಗೆದು ಕೊಟ್ಟೆ. ಇಷ್ಟು ವರ್ಷ ನಾನೊಬ್ಬನೇ ಜೋಪಾನ ಮಾಡಿಕೊಂಡು ಬಂದ ಹೊಟ್ಟೆಕಿಚ್ಚಿನಲ್ಲೂ ಷಡ್ಡಕರೇ ಮೊದಲ ನಂಬರು ಬಂದರು.